ಆಟದ ಬಯಲಿನಲ್ಲಿ ಬಿದ್ದ ಹಲ್ಲು

ಹಲ್ಲು ಮುರಿಯುವುದನ್ನು ನಮ್ಮ ದೇಶದ ಕಾನೂನು ಬಹು ದೊಡ್ಡ ಪೆಟ್ಟೆಂದು ಎಣಿಸಿದೆ. 1860ರ ಭಾರತೀಯ ದಂಡ ಸಂಹಿತೆಯ 320ನೆಯ ಕಲಮು, ಘೋರವಾದ ಗಾಯವೆಂದರೆ ಯಾವುದೆಂದು ಹೇಳುವಾಗ, ಕಣ್ಣು ಹೋಗುವುದು, ಕಿವಿ ಕೇಳದಾಗುವುದು, ಅಂಗ ಊನವಾಗುವುದು, ಇವುಗಳ ಸಾಲಿನಲ್ಲಿಯೇ ಎಲುಬಾಗಲಿ ಹಲ್ಲಾಗಲಿ ಮುರಿಯುವುದನ್ನೂ ಸ್ಥಾನ ತಪ್ಪುವುದನ್ನೂ ಸೇರಿಸಿತ್ತು. 2024ರ ಜುಲೈ 1ರಿಂದ ಆ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತು. ಅದರ 116ನೆಯ ಕಲಮಿನಲ್ಲಿಯೂ ಹಲ್ಲು ತನ್ನ ಪೀಠವನ್ನು ಬಿಟ್ಟುಕೊಡಲಿಲ್ಲ. ಬೇಕೆಂದೇ ಇನ್ನೊಬ್ಬನ ಮುಂದಲ ಹಲ್ಲು ಉದುರಿಸಿದವನಿಗೆ ಏಳು ವರ್ಷದವರೆಗೆ ಸೆರೆಮನೆ ಕಾದಿದೆ. ಅದೇ ಹಲ್ಲು ಶಾಲೆಯ ಕಬಡ್ಡಿ ಅಂಕಣದಲ್ಲಿ ಉದುರಿತೆನ್ನಿ. ಒಂದು ಚೊಂಬು ನೀರು, "ಬಾಯಿ ಮುಕ್ಕಳಿಸಪ್ಪ" ಎಂಬ ಒಂದು ಮಾತು, ಸುತ್ತಲಿನ ಹುಡುಗರ ಒಂದು ಸಣ್ಣ ನಗೆ. ಅಲ್ಲಿಗೆ ಆ ಪ್ರಕರಣ ಮುಗಿಯಿತು. ತೀರ್ಪುಗಾರ ಮತ್ತೆ ಸೀಟಿ ಊದುತ್ತಾನೆ.

ಆಟದಲ್ಲಿ ಪೆಟ್ಟು ಬೀಳಬಾರದೆಂದು ಯಾರೂ ಹೇಳಲಾರರು. ಆದರೆ ಬೀಳಬಹುದಾದ ಪೆಟ್ಟಿಗೆ ಮುಂಚೆಯೇ ತಡೆಯೊಡ್ಡುವುದು, ಬಿದ್ದ ಮೇಲೆ ತಕ್ಕ ಉಪಾಯ ಮಾಡುವುದು, ಇವೆರಡನ್ನೂ ನಾವು ಮೊಣಕಾಲಿಗೆ ಮಾಡುತ್ತೇವೆ, ಕಣಕಾಲಿಗೆ ಮಾಡುತ್ತೇವೆ, ಹಲ್ಲಿಗೆ ಮಾತ್ರ ಮಾಡುವುದಿಲ್ಲ. ಕಾಲು ಉಳುಕಿದರೆ ಗಳಿಗೆಯೊಳಗೆ ಎಣ್ಣೆ ತಿಕ್ಕುವವರು, ಪಟ್ಟಿ ಕಟ್ಟುವವರು ಹತ್ತು ಮಂದಿ. ಉಳುಕಿದ ಕಾಲು ಹದಿನೈದು ದಿನದಲ್ಲಿ ತಾನೇ ಸರಿಹೋಗುವಂಥದು. ಹಲ್ಲು ಹಾಗಲ್ಲ. ಎರಡನೆಯ ಸಲ ಬಂದ ಹಲ್ಲು ಹೋದರೆ ಮೂರನೆಯದನ್ನು ಪ್ರಕೃತಿ ಕೊಡುವುದಿಲ್ಲ.

ನಮ್ಮ ಸೀಮೆಯವರಿಗೆ ಹಲ್ಲಿನ ಬೆಲೆ ತಿಳಿಯದೆಂದಲ್ಲ. ಕುರಿಸಂತೆಗೆ ಹೋಗಿ ನೋಡಬೇಕು. ಟಗರು ಕೊಳ್ಳಲು ಬಂದವನು ಮೊದಲು ಮಾಡುವ ಕೆಲಸ ಅದರ ತುಟಿ ಸರಿಸಿ ಬಾಯಿ ನೋಡುವುದು. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂಬುದರ ಮೇಲೆ ವಯಸ್ಸು. ವಯಸ್ಸಿನ ಮೇಲೆ ಬೆಲೆ. ಎತ್ತಿನ ವ್ಯಾಪಾರವೂ ಹಾಗೆಯೇ. ಅಮೃತಮಹಲ್ ಕಾವಲುಗಳ ಈ ನೆಲದಲ್ಲಿ ಆ ವಿದ್ಯೆ ತಲೆತಲಾಂತರದಿಂದ ನಡೆದು ಬಂದದ್ದು. ಮೂರು ವರ್ಷದ ಹೋರಿಯ ಬಾಯಲ್ಲಿ ಎಷ್ಟು ಹಲ್ಲೆಂದು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲ ತಂದೆಗೆ, ತನ್ನ ಒಂಬತ್ತು ವರ್ಷದ ಮಗನ ಬಾಯಲ್ಲಿ ಯಾವುದು ಹಾಲುಹಲ್ಲು, ಯಾವುದು ಉಳಿಯುವ ಹಲ್ಲು ಎಂಬುದು ತಿಳಿಯದು. ಕುರಿಗೂ ದನಕ್ಕೂ ಮೇಲಿನ ಬಾಚಿಹಲ್ಲೇ ಇರುವುದಿಲ್ಲ, ಕೆಳಗಿನವನ್ನಷ್ಟೇ ಎಣಿಸುವುದು. ನಮ್ಮ ಮಕ್ಕಳಿಗೆ ಮೇಲಿನವೂ ಇವೆ. ಆಟದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟು ತಿನ್ನುವುದು ಆ ಮೇಲಿನ ನಡುವಣ ಎರಡು ಹಲ್ಲುಗಳೇ. ಅವು ಬರುವುದು ಏಳೆಂಟನೆಯ ವರ್ಷದಲ್ಲಿ. ಮಗು ಮನೆಯಂಗಳ ಬಿಟ್ಟು ಬಯಲಿಗೆ ಓಡಲು ಕಲಿಯುವುದೂ ಆಗಲೇ. ಮುಂದಕ್ಕೆ ಚಾಚಿಕೊಂಡ ಉಬ್ಬುಹಲ್ಲಿನ ಮಕ್ಕಳಿಗಂತೂ ಅಪಾಯ ಇನ್ನೂ ಹೆಚ್ಚು. ಅವರ ತುಟಿ ಹಲ್ಲನ್ನು ಪೂರ್ತಿ ಮುಚ್ಚದಾದ್ದರಿಂದ ಪೆಟ್ಟು ನೇರವಾಗಿ ಹಲ್ಲಿಗೇ ತಗಲುತ್ತದೆ.

ಇನ್ನು ನಮ್ಮ ಬಯಲುಗಳ ಮಾತು. ಮಲೆನಾಡಿನ ಶಾಲೆಯ ಮಕ್ಕಳು ಬಿದ್ದರೆ ಹುಲ್ಲಿನ ಮೇಲೆ ಬೀಳುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಮಕ್ಕಳು ಬೀಳುವುದು ಗರಸಿನ ಮೇಲೆ. ಮಳೆ ಅಪರೂಪ, ಬಿಸಿಲು ಧಾರಾಳ. ಒಂದು ಮಳೆ ಬಂದರೆ ಮೇಲಿನ ಮಣ್ಣು ಕೊಚ್ಚಿಹೋಗಿ ಅಡಿಯ ಕಲ್ಲು ತಲೆಯೆತ್ತುವುದು. ಅಂಥ ನೆಲದ ಮೇಲೆ ಸುಣ್ಣದ ಗೆರೆಯೆಳೆದರೆ ಕಬಡ್ಡಿಯ ಅಂಕಣವಾಯಿತು. ದಾಳಿಗೆ ಬಂದ ಹುಡುಗನ ಕಾಲನ್ನು ಇಬ್ಬರು ಹಿಡಿದೆಳೆದಾಗ ಅವನು ಬೀಳುವುದು ಮುಖ ಕೆಳಗಾಗಿ. ಕೈಯೂರುವುದಕ್ಕೆ ಅವಕಾಶವಿಲ್ಲ, ಏಕೆಂದರೆ ಆ ಕೈ ಮಧ್ಯದ ಗೆರೆಯ ಕಡೆ ಚಾಚಿರುತ್ತದೆ. ಖೋ-ಖೋ ಅಂಕಣದ ಎರಡು ತುದಿಗೆ ಒಂದೊಂದು ಕಂಬ. ನಿಯಮದಂತೆ ಅದು ನೆಲದಿಂದ 120ರಿಂದ 125 ಸೆಂಟಿಮೀಟರು ಎತ್ತರ ಇರತಕ್ಕದ್ದು. ಹನ್ನೆರಡು ವರ್ಷದ ಹುಡುಗಿ ಓಡಿಬಂದು ಮೈಬಗ್ಗಿಸಿ ಕಂಬ ಹಿಡಿದು ತಿರುಗುವಾಗ, ಅವಳ ಬಾಯಿಗೂ ಆ ಕಂಬದ ನೆತ್ತಿಗೂ ಹೆಚ್ಚು ಅಂತರವಿರುವುದಿಲ್ಲ. ಇದು ಶಾಲೆಯ ಆಟದ ಮಾತಾಯಿತು. ಶಾಲೆ ಬಿಟ್ಟ ಮೇಲೆ ಚಿನ್ನಿದಾಂಡು ಉಂಟು, ಲಗೋರಿ ಉಂಟು, ಮರಕೋತಿ ಉಂಟು. ಈಗ ಎಲ್ಲಕ್ಕಿಂತ ಮಿಗಿಲಾಗಿ ಹಳ್ಳಿಹಳ್ಳಿಯಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ಟು. ಚಿನ್ನಿ ಹಾರಿ ಬಾಯಿಗೆ ಬಡಿಯುವುದು ನಮ್ಮ ಅಜ್ಜಂದಿರ ಕಾಲದಿಂದಲೂ ಇದೆ. ಹಳ್ಳಿಯಲ್ಲಿ ಮುಂದಲ ಹಲ್ಲು ಅರ್ಧ ಮುರಿದ ಮುದುಕರನ್ನು ವಿಚಾರಿಸಿದರೆ ಒಬ್ಬರಲ್ಲ ಒಬ್ಬರು ಅದರ ಹೆಸರು ಹೇಳಿಯಾರು.

ಈಗ ಹಲ್ಲು ಬಿದ್ದಿತೆಂದೇ ಇಟ್ಟುಕೊಳ್ಳೋಣ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಹಾಲುಹಲ್ಲು ಬಿದ್ದರೆ ಏನು ಮಾಡಬೇಕೆಂಬುದಕ್ಕೆ ನಮ್ಮಲ್ಲಿ ಒಂದು ಚೆಂದದ ಸಂಪ್ರದಾಯವಿದೆ. ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲಕ್ಕೆ ಎಸೆಯುವುದು. ಕೆಲವರ ಮನೆಯಲ್ಲಿ ಹೂಳುವುದೂ ಉಂಟು. ಹೊಸ ಹಲ್ಲು ಬೇಗ ಬರಲೆಂಬ ಹಾರೈಕೆ ಅದು. ಹೊಸ ಹಲ್ಲು ಬರುವುದೂ ನಿಜ. ತೊಂದರೆಯೇನೆಂದರೆ, ಆರನೆಯ ವರ್ಷದಲ್ಲಿ ಕಲಿತ ಈ ಪಾಠ ಹನ್ನೆರಡನೆಯ ವರ್ಷದಲ್ಲಿಯೂ ಮನಸ್ಸಿನಲ್ಲಿ ಕೂತಿರುತ್ತದೆ: ಬಿದ್ದ ಹಲ್ಲು ಎಸೆಯತಕ್ಕದ್ದು. ಆದ್ದರಿಂದ ಕಬಡ್ಡಿಯಲ್ಲಿ ಬೇರುಸಹಿತ ಕಿತ್ತು ಬಂದ, ಹೊಳೆಯುವ, ಹುಳುಕಿಲ್ಲದ, ಗಟ್ಟಿಮುಟ್ಟಾದ ಹಲ್ಲನ್ನು ಹುಡುಗರು ಎತ್ತಿ ನೋಡಿ, ಅಚ್ಚರಿಪಟ್ಟು, ಬೇಲಿಯಾಚೆ ಎಸೆಯುತ್ತಾರೆ. ಅದು ಸತ್ತ ವಸ್ತುವೆಂದು ಅವರ ಭಾವನೆ. ಅವರದೇಕೆ, ದೊಡ್ಡವರ ಭಾವನೆಯೂ ಅದೇ.

ಅದು ಸತ್ತಿರುವುದಿಲ್ಲ. ಹಲ್ಲಿನ ಬೇರನ್ನು ದವಡೆಯ ಎಲುಬಿಗೆ ಕಟ್ಟಿ ಹಿಡಿದಿರುವುದು ಕೂದಲಿಗಿಂತ ನವುರಾದ ನಾರುಗಳ ಒಂದು ಪದರ. ಹಲ್ಲು ಕಿತ್ತು ಬಂದಾಗ ಈ ಪದರ ಹರಿದು ಅರ್ಧ ಎಲುಬಿನಲ್ಲಿ ಉಳಿಯುತ್ತದೆ, ಅರ್ಧ ಬೇರಿನ ಮೇಲೆ ಅಂಟಿಕೊಂಡು ಬರುತ್ತದೆ. ಆ ಬೇರಿನ ಮೇಲಿನ ಜೀವಕಣಗಳು ಇನ್ನೂ ಉಸಿರಾಡುತ್ತಿರುತ್ತವೆ. ಅವು ಬದುಕಿರುವಾಗಲೇ ಹಲ್ಲನ್ನು ತನ್ನ ಗೂಡಿಗೆ ಮರಳಿ ಇಟ್ಟರೆ ಎರಡು ಪದರಗಳೂ ಕೂಡಿಕೊಳ್ಳಬಲ್ಲವು. ಮೊಳಕಾಲ್ಮೂರಿನ ರೇಷ್ಮೆ ನೇಕಾರರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮಗ್ಗದಲ್ಲಿ ಹಾಸಿನ ಒಂದು ಎಳೆ ಕಡಿದರೆ ನೇಕಾರ ಸೀರೆಯನ್ನು ಎಸೆಯುವುದಿಲ್ಲ. ಸಂಜೆಗೆ ನೋಡೋಣವೆಂದು ಬಿಡುವುದೂ ಇಲ್ಲ. ಕೈ ನಿಲ್ಲಿಸಿ, ಆ ಕ್ಷಣದಲ್ಲಿಯೇ ಎಳೆಯನ್ನು ಹುಡುಕಿ ಕೂಡಿಸುತ್ತಾನೆ.

ಹಲ್ಲಿನ ಪೆಟ್ಟುಗಳ ವಿಷಯದಲ್ಲಿ ಕೆಲಸ ಮಾಡುವ ಅಂತರರಾಷ್ಟ್ರೀಯ ವೈದ್ಯರ ಸಂಘವೊಂದು 2020ರಲ್ಲಿ ತನ್ನ ಸೂಚನೆಗಳನ್ನು ಪರಿಷ್ಕರಿಸಿ ಪ್ರಕಟಿಸಿತು. ಅದರ ಸಾರ ಇಷ್ಟು. ಬಿದ್ದ ಹಲ್ಲನ್ನು ಹುಡುಕಿ, ಬಿಳಿಯ ಭಾಗವನ್ನು ಹಿಡಿದೆತ್ತಬೇಕು; ಬೇರಿಗೆ ಬೆರಳು ತಾಗಿಸಬಾರದು. ಮಣ್ಣು ಹತ್ತಿದ್ದರೆ ಹಾಲಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಬೇಕು. ಉಜ್ಜಬಾರದು, ಅಂಗಿಯ ಚುಂಗಿನಿಂದ ಒರೆಸಬಾರದು, ಸಾಬೂನಂತೂ ಕೂಡದು. ಆಮೇಲೆ, ಮಗು ಎಚ್ಚರದಿಂದಿದ್ದು ಗಾಬರಿಯಾಗದಿದ್ದರೆ, ಅಲ್ಲಿಯೇ ಆ ಹಲ್ಲನ್ನು ಅದರ ಗುಳಿಗೆ ಮೆತ್ತಗೆ ಒತ್ತಿ ಕೂರಿಸಿ, ಮಡಿಸಿದ ಕರವಸ್ತ್ರವನ್ನು ಕಚ್ಚಿಕೊಳ್ಳಲು ಹೇಳಿ, ದಂತವೈದ್ಯರ ಬಳಿಗೆ ಕರೆದೊಯ್ಯಬೇಕು. ಹದಿನೈದು ನಿಮಿಷದೊಳಗೆ ಕೂರಿಸಿದ ಹಲ್ಲಿಗೆ ಎಲ್ಲಕ್ಕಿಂತ ಹೆಚ್ಚು ಭರವಸೆ. ಹೀಗೆ ಕೂರಿಸಲು ಕೈಬರದಿದ್ದರೆ, ಮಗುವಿಗೆ ತಲೆಪೆಟ್ಟಾಗಿ ಮಂಕು ಕವಿದಿದ್ದರೆ, ಹಲ್ಲನ್ನು ಹಾಲಿನಲ್ಲಿ ಹಾಕಿ ಒಯ್ಯಬೇಕು. ಹೊರಗೆ ಒಣಗಿ ಒಂದು ಗಂಟೆ ಕಳೆದರೆ ಬೇರಿನ ಮೇಲಿನ ಜೀವ ಬಹುಮಟ್ಟಿಗೆ ಹೋಯಿತೆಂದೇ ಲೆಕ್ಕ. ಆಗಲೂ ಎಸೆಯಬಾರದು, ಅದನ್ನು ಏನು ಮಾಡಬಹುದೆಂದು ವೈದ್ಯರೇ ಹೇಳಲಿ. ಅವರು ಹಲ್ಲನ್ನು ಕೂರಿಸಿ, ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ, 0.4 ಮಿಲಿಮೀಟರಿಗಿಂತ ದಪ್ಪವಲ್ಲದ ತಂತಿಯೊಂದನ್ನು ಅಂಟಿಸಿ ಎರಡು ವಾರ ಬಿಡುತ್ತಾರೆ. ಮಣ್ಣಿನ ಗಾಯವಾದ್ದರಿಂದ ಧನುರ್ವಾಯುವಿನ ಚುಚ್ಚುಮದ್ದನ್ನೂ ವಿಚಾರಿಸುತ್ತಾರೆ.

ನೀರಿನಲ್ಲೇಕೆ ಹಾಕಬಾರದೆಂದು ಯಾರಾದರೂ ಕೇಳಬಹುದು. ಬರಿಯ ನೀರು ಆ ಜೀವಕಣಗಳ ಒಳಹೊಕ್ಕು ಅವನ್ನು ಉಬ್ಬಿಸಿ ಒಡೆಯುತ್ತದೆ. ಹಾಲಿನಲ್ಲಿ ಲವಣ, ಸಕ್ಕರೆ, ಪೋಷಕಾಂಶಗಳು ದೇಹದ ರಸಕ್ಕೆ ಹತ್ತಿರವಾದ ಪ್ರಮಾಣದಲ್ಲಿರುವುದರಿಂದ ಅವು ಕೆಲವು ಕಾಲ ಬದುಕಿ ಉಳಿಯುತ್ತವೆ. ಹಾಲು ಬಿಸಿಯಾಗಿರಬಾರದು, ಸಕ್ಕರೆ ಬೆರೆಸಿರಬಾರದು. ಒಂದು ಎಚ್ಚರಿಕೆ ಬಿಟ್ಟುಹೋಗಬಾರದು: ಮೇಲೆ ಹೇಳಿದುದೆಲ್ಲ ಉಳಿಯುವ ಹಲ್ಲಿಗೆ ಮಾತ್ರ. ಹಾಲುಹಲ್ಲನ್ನು ಮರಳಿ ಕೂರಿಸಹೋದರೆ ಅದರಡಿ ಬೆಳೆಯುತ್ತಿರುವ ಹೊಸ ಹಲ್ಲಿಗೆ ಕೇಡು. ಆರು ವರ್ಷದೊಳಗಿನ ಮಗುವಿನ ಮುಂದಲ ಹಲ್ಲು ಸಾಧಾರಣವಾಗಿ ಹಾಲುಹಲ್ಲು. ಎಂಟು ದಾಟಿದ ಮಗುವಿನ ಮೇಲಿನ ನಡುಹಲ್ಲು, ದೊಡ್ಡದಾಗಿ, ಅಂಚು ಗರಗಸದಂತೆ ಸಣ್ಣಗೆ ಏರಿಳಿದಿದ್ದರೆ, ಅದು ಉಳಿಯುವ ಹಲ್ಲು. ಸಂಶಯವಿದ್ದಲ್ಲಿ ಹಾಲಿಗೆ ಹಾಕಿ ಒಯ್ಯುವುದೇ ಕ್ಷೇಮ. ಮುರಿದ ಚೂರನ್ನೂ ಹಾಗೆಯೇ ಒಯ್ದರೆ, ಎಷ್ಟೋ ವೇಳೆ ಅದೇ ಚೂರನ್ನು ಮತ್ತೆ ಅಂಟಿಸಲು ಬರುತ್ತದೆ.

ಇಷ್ಟೆಲ್ಲ ತಿಳಿದಿದ್ದರೂ ಒಂದು ಗಂಟೆಯೊಳಗೆ ವೈದ್ಯರ ಮುಂದೆ ಕೂರಿಸುವುದು ಹೇಗೆ ಎಂಬುದೇ ನಮ್ಮ ಕಡೆಯ ಪ್ರಶ್ನೆ. ಪಟ್ಟಣದ ಮಗುವಿಗೆ ಬೀದಿಗೊಂದು ದಂತವೈದ್ಯರ ಫಲಕ ಕಾಣುವುದು. ದೇವಸಮುದ್ರದ ಮಗುವಿಗೆ, ರಾಂಪುರದ ಮಗುವಿಗೆ, ಪರಶುರಾಂಪುರದಾಚೆಯ ಹಟ್ಟಿಯ ಮಗುವಿಗೆ ಮೊದಲು ಬಸ್ಸು ಬರಬೇಕು. ಚಿತ್ರದುರ್ಗದಲ್ಲಿ ಎಸ್.ಜೆ.ಎಂ. ದಂತ ವೈದ್ಯಕೀಯ ಕಾಲೇಜಿದೆ. ಚಳ್ಳಕೆರೆಯಿಂದ ಅದು ಸುಮಾರು 30 ಕಿಲೋಮೀಟರು. ಮೊಳಕಾಲ್ಮೂರಿನಿಂದ ಹೊರಟವರಿಗೆ ದಾರಿ ಅದರ ಎರಡರಷ್ಟಕ್ಕಿಂತಲೂ ಹೆಚ್ಚು. ದೂರ ಹೆಚ್ಚಿದಷ್ಟೂ ಆಟದ ಬಯಲಿನಲ್ಲಿರುವ ದೈಹಿಕ ಶಿಕ್ಷಕರ ಮೊದಲ ಹತ್ತು ನಿಮಿಷದ ಬೆಲೆ ಹೆಚ್ಚುತ್ತದೆ. ಬೆಂಗಳೂರಿನಲ್ಲಿ ಶಿಕ್ಷಕರಿಗೆ ತಿಳಿಯದಿದ್ದರೂ ನಡೆದೀತು, ನಮ್ಮಲ್ಲಿ ನಡೆಯದು. ಹಲ್ಲನ್ನು ಗೂಡಿಗೆ ಕೂರಿಸಬೇಕಾದವರು ಅವರೇ. ವೈದ್ಯರು ಆಮೇಲೆ ಅದನ್ನು ಭದ್ರಪಡಿಸುವರು. ಆದರೂ, ನಾನು ಅರಿತಮಟ್ಟಿಗೆ, ಹಲ್ಲಿನ ಈ ಸಣ್ಣ ಪಾಠವನ್ನು ಶಿಕ್ಷಕರ ತರಬೇತಿಯಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ಹಾಲಿಗಂತೂ ಬಡತನವಿಲ್ಲ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಿಂದ ಸರಕಾರಿ ಶಾಲೆಯ ಅಡುಗೆ ಕೋಣೆಗೆ ಹಾಲು ಬಂದಿದೆ. ಶಾಲೆಯ ಎದುರು ಮನೆಯಲ್ಲಿ ಎಮ್ಮೆಯೋ ಹಸುವೋ ಕಟ್ಟಿರುತ್ತದೆ. ಮಗುವಿನ ಹೊಟ್ಟೆಗೆ ಹಾಲು ಬೇಕೆಂದು ಸರಕಾರಕ್ಕೆ ಹೊಳೆಯಿತು, ಸಂತೋಷ. ಬಿದ್ದ ಹಲ್ಲಿಗೂ ಅದೇ ಹಾಲು ಬೇಕೆಂಬುದು ಶಾಲೆಗೆ ಹೊಳೆಯಬೇಕಾಗಿದೆ.

ಒಂದು ಹಲ್ಲು ಹೋದರೆ ಆಗುವ ನಷ್ಟವೇನು? ಕಟ್ಟಿಸಿಕೊಂಡರಾಯಿತೆನ್ನುವವರು ಉಂಟು. ದವಡೆಯ ಎಲುಬಿಗೆ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವ ವಿಧಾನವನ್ನು ಬೆಳೆಯುತ್ತಿರುವ ಮಗುವಿಗೆ ಮಾಡುವಂತಿಲ್ಲ. ಮುಖದ ಎಲುಬು ಬೆಳೆದು ನಿಲ್ಲುವವರೆಗೆ, ಎಂದರೆ ಹದಿನೆಂಟರ ಸುಮಾರಿನವರೆಗೆ, ಇಲ್ಲವೆ ಅದಕ್ಕೂ ಮುಂದಕ್ಕೆ, ಕಾಯಬೇಕು. ಹತ್ತು ವರ್ಷದಲ್ಲಿ ಹಲ್ಲು ಕಳೆದುಕೊಂಡ ಮಗು ಎಂಟು ಹತ್ತು ವರ್ಷ ತೆಗೆದು ಹಾಕುವ ಪ್ಲೇಟಿನಿಂದ ಕಾಲ ಕಳೆಯಬೇಕು. ಅಷ್ಟರಲ್ಲಿ ಹಲ್ಲಿಲ್ಲದ ಜಾಗದ ಎಲುಬು ಸವೆಯುತ್ತ ಹೋಗುವುದು. ಆ ಮೇಲಿನ ಖರ್ಚು ಶೇಂಗಾ ಬೆಳೆಯುವ ಒಣಭೂಮಿಯ ರೈತನ ಕೈಗೆ ಎಟಕುವಂಥದಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಮುದುಕರ ವಿಷಯದಲ್ಲಿ ಹುಟ್ಟಿದ್ದಿರಬೇಕು. ಬಡ ಮುದುಕರಿಗೆ ಸರಕಾರ ದಂತಭಾಗ್ಯವೆಂಬ ಯೋಜನೆಯನ್ನೂ ತಂದಿತು. ಉಚಿತವಾಗಿ ಹಲ್ಲುಸೆಟ್ಟು ಕಟ್ಟಿಸಿಕೊಡುವುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಅರವತ್ತರ ಬಾಯಿಗೆ ಹಲ್ಲು ಕೊಡುವುದಕ್ಕಿಂತ ಹತ್ತರ ಬಾಯಲ್ಲಿರುವ ಹಲ್ಲನ್ನು ಉಳಿಸುವುದಕ್ಕೆ ಖರ್ಚು ಕಡಿಮೆ.

ನನ್ನ ಚಿಂತೆಗೆ ಇನ್ನೊಂದು ಕಾರಣವಿದೆ. ಅದು ಹೆಣ್ಣುಮಕ್ಕಳದು. ನಮ್ಮ ಹಳ್ಳಿಗಳಿಂದ ಹುಡುಗಿಯರು ಕಬಡ್ಡಿಗೂ ಖೋ-ಖೋಗೂ ಬರತೊಡಗಿದ್ದು ಸುಲಭವಾಗಿ ಅಲ್ಲ. ಅಪ್ಪನನ್ನು ಒಪ್ಪಿಸಿ, ಅಜ್ಜಿಯ ಗೊಣಗಾಟ ಕೇಳಿ, ನಾಲ್ಕು ಜನರ ಕಣ್ಣು ತಪ್ಪಿಸಿ ಬಂದವರು ಎಷ್ಟೋ ಮಂದಿ. ಅಂಥವರಲ್ಲೊಬ್ಬಳ ಮುಂದಲ ಹಲ್ಲು ಮುರಿಯಿತೆಂದರೆ ಮನೆಯಲ್ಲಿ ಮೊದಲು ಹೊರಡುವ ಮಾತು ಹಲ್ಲಿನದಲ್ಲ, ಮದುವೆಯದು. "ಸಾಕು ಬಿಡವ್ವ ಈ ಆಟ, ನಾಳೆ ನೋಡಾಕೆ ಬಂದೋರಿಗೆ ಏನು ಹೇಳಾನ?" ಎಂದು ತಾಯಿ ಕೇಳಿದರೆ ಆ ಹುಡುಗಿಯ ಬಳಿ ಉತ್ತರವಿಲ್ಲ. ಅವಳೊಬ್ಬಳೇ ಆಟ ಬಿಟ್ಟರೆ ಒಂದು ಮಾತು. ಆ ಬೀದಿಯ ಉಳಿದ ನಾಲ್ಕು ಹುಡುಗಿಯರ ತಾಯಂದಿರೂ ಆ ಮುರಿದ ಹಲ್ಲನ್ನು ನೋಡಿರುತ್ತಾರೆ. ಹೆಣ್ಣಿನ ಬೆಲೆಯನ್ನು ಹಲ್ಲಿನಿಂದ ಅಳೆಯುವುದು ತಪ್ಪು, ಒಪ್ಪೋಣ. ಕುರಿಸಂತೆಯ ಬುದ್ಧಿಯನ್ನು ಮನೆಗೆ ತರಬಾರದು. ಆ ತಪ್ಪು ತಿದ್ದುವವರೆಗೆ ಹುಡುಗಿಯರ ಆಟ ಕಾಯಬೇಕೆ? ಅವರ ಬಾಯನ್ನು ಕಾಪಾಡಿದರೆ ಆಟವನ್ನೂ ಕಾಪಾಡಿದಂತಾಗುವುದು.

ಇದರ ಮೇಲೆ ನಮ್ಮ ನೆಲದ ನೀರಿನ ಶಾಪವೊಂದು ಬೇರೆ. ಈ ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ನಮ್ಮ ದೇಶದ ಮಾನಕವು 1.0 ಇದ್ದರೆ ಮೇಲು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಇಂಥ ನೀರು ಕುಡಿದ ಮಗುವಿನ ಹಲ್ಲಿನ ಮೇಲೆ ಸುಣ್ಣದ ಮಚ್ಚೆಯೋ ಕಂದು ಕಲೆಯೋ ಮೂಡುವುದು. ಕೇಡು ತೀವ್ರವಾದಾಗ ಹಲ್ಲಿನ ಹೊರಕವಚ ರಂಧ್ರಮಯವಾಗಿ ಚಕ್ಕೆಯೇಳುವುದು. ಮುರಿದ ಚೂರನ್ನು ಅಂಟಿಸಹೋದರೆ ಅಂಥ ಹಲ್ಲಿಗೆ ಅಂಟು ಸರಿಯಾಗಿ ಹಿಡಿಯುವುದೂ ಕಷ್ಟ. ಹೀಗೆ ನಮ್ಮ ಮಕ್ಕಳು ಬಯಲಿಗೆ ಇಳಿಯುವ ಮೊದಲೇ ಅವರ ಹಲ್ಲು ಒಂದು ಪೆಟ್ಟು ತಿಂದಿರುತ್ತದೆ. ನೀರಿನ ಕಥೆ ಬೇರೆಯೇ ಒಂದು ಲೇಖನಕ್ಕೆ ತಕ್ಕದ್ದು; ಇಲ್ಲಿ ಇಷ್ಟು ಸಾಕು.

ಪೆಟ್ಟು ಬೀಳುವ ಮೊದಲಿನ ಉಪಾಯಕ್ಕೆ ಬರೋಣ. ಹಲ್ಲುಗವಚವೆಂದು ಕನ್ನಡದಲ್ಲಿ ಕರೆಯಬಹುದೇನೋ. ಅಂಗಡಿಯವನಿಗೆ ತಿಳಿಯುವುದು ಮೌತ್‌ಗಾರ್ಡ್ ಎಂದರೇ. ಲಂಡನ್ನಿನ ವುಲ್ಫ್ ಕ್ರೌಸ್ ಎಂಬ ದಂತವೈದ್ಯರು 1890ರ ಸುಮಾರಿನಲ್ಲಿ ಮುಷ್ಟಿಯುದ್ಧದವರಿಗಾಗಿ ಗಟಾಪರ್ಚ ಎಂಬ ಮರದ ಹಾಲಿನ ಅಂಟಿನಿಂದ ಇಂಥದೊಂದನ್ನು ಮಾಡಿಕೊಟ್ಟರು. 1962ರಲ್ಲಿ ಅಮೆರಿಕದ ಹೈಸ್ಕೂಲು ಫುಟ್‌ಬಾಲಿನಲ್ಲಿ, ಅವರ ಆ ತಬ್ಬಿ ಬೀಳುವ ಆಟದಲ್ಲಿ, ಅದು ಕಡ್ಡಾಯವಾಯಿತು. ಬಾಕ್ಸಿಂಗಿನಲ್ಲಿ ಅದಿಲ್ಲದೆ ಅಖಾಡಕ್ಕೆ ಬಿಡುವುದಿಲ್ಲ. ಈಗ ಅದನ್ನು ಇ.ವಿ.ಎ. ಎಂಬ ಮೆದು ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಹಗುರವಾದ ಚಪ್ಪಲಿಗಳ ಅಟ್ಟೆಗೂ ಅದೇ ಜಾತಿಯ ವಸ್ತು. ಬಿಸಿನೀರಿನಲ್ಲಿ ಅದ್ದಿ, ಸ್ವಲ್ಪ ಆರಿದ ಮೇಲೆ ಬಾಯಲ್ಲಿಟ್ಟು ಕಚ್ಚಿದರೆ ಹಲ್ಲಿನ ಅಚ್ಚಿಗೆ ಹೊಂದಿಕೊಳ್ಳುವ ಬಗೆಯದು ಕೆಲವು ನೂರು ರೂಪಾಯಿಗೆ ಸಿಕ್ಕುತ್ತದೆ. ದಂತವೈದ್ಯರು ಅಚ್ಚು ತೆಗೆದು ಮಾಡಿಕೊಡುವುದು ಮೇಲು, ಬೆಲೆಯೂ ಮೇಲು. ಒಂದೇ ಹಲ್ಲಿನ ಮೇಲೆ ಬೀಳುವ ಪೆಟ್ಟನ್ನು ಇದು ಹಲವು ಹಲ್ಲಿಗೆ ಹಂಚುತ್ತದೆ, ಕೆಳದವಡೆ ಮೇಲ್ದವಡೆಗೆ ಬಡಿಯದಂತೆ ನಡುವೆ ನಿಲ್ಲುತ್ತದೆ, ತನ್ನ ಹಲ್ಲೇ ತನ್ನ ತುಟಿಯನ್ನು ಸೀಳದಂತೆ ತಡೆಯುತ್ತದೆ.

ಕಬಡ್ಡಿ ಬಲ್ಲವರು ಇಲ್ಲಿ ಒಂದು ಆಕ್ಷೇಪ ತೆಗೆಯುತ್ತಾರೆ. ಅದು ನ್ಯಾಯವಾದದ್ದು. ಬಾಯಲ್ಲಿ ರಬ್ಬರಿನಂಥದನ್ನು ತುಂಬಿಕೊಂಡವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎಂದು ತೀರ್ಪುಗಾರರಿಗೆ ಕೇಳುವಂತೆ ಹೇಗೆ ನುಡಿಯಬೇಕು? ದಪ್ಪನೆಯ, ಸಡಿಲವಾದ, ಎರಡು ದವಡೆಗೂ ಹಾಕುವಂಥದನ್ನು ಇಟ್ಟುಕೊಂಡರೆ ನುಡಿ ತೊದಲುವುದು ನಿಜ. ಮೇಲಿನ ಹಲ್ಲಿಗಷ್ಟೇ ಬಿಗಿಯಾಗಿ ಕೂರುವಂಥದನ್ನು ಕೆಲವು ವಾರ ಅಭ್ಯಾಸದಲ್ಲಿ ಧರಿಸಿದರೆ ನಾಲಿಗೆ ಪಳಗುತ್ತದೆ. ಅಷ್ಟಾದರೂ ಒಪ್ಪದವರಿಗೆ ನಾನು ಹೇಳುವುದು: ದಾಳಿಗೆ ಹೋಗುವವನು ಬೇಡವೆಂದರೆ ಬಿಡಲಿ, ಹಿಡಿಯಲು ನಿಂತವರು ಕಬಡ್ಡಿ ಎನ್ನಬೇಕಾದುದಿಲ್ಲವಷ್ಟೆ. ಒದೆಯುವ ಕಾಲಿಗೆ ಬಾಯಿ ಕೊಡುವವರು ಹೆಚ್ಚಾಗಿ ಅವರೇ.

ಇನ್ನೊಂದು ಆಕ್ಷೇಪ ಹಣದ್ದು. ಚೆಂಡಿಗೇ ಗತಿಯಿಲ್ಲದ ಶಾಲೆಗೆ ಮೌತ್‌ಗಾರ್ಡ್ ಎಲ್ಲಿಂದ ಬರಬೇಕು? 2018ರಲ್ಲಿ ಬಂದ ಸಮಗ್ರ ಶಿಕ್ಷಾ ಯೋಜನೆ ಕ್ರೀಡಾ ಸಾಮಗ್ರಿಗೆಂದು ವರ್ಷಕ್ಕೆ ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕ ಶಾಲೆಗೆ 10,000, ಪ್ರೌಢಶಾಲೆಗೆ 25,000 ರೂಪಾಯಿಯವರೆಗೆ ಗೊತ್ತುಮಾಡಿತು. ಹಣ ಹೊತ್ತಿಗೆ ಸರಿಯಾಗಿ ಕೈಸೇರುವುದೋ ಇಲ್ಲವೋ ಮುಖ್ಯೋಪಾಧ್ಯಾಯರೇ ಬಲ್ಲರು. ಸೇರಿದ ವರ್ಷ, ಪ್ರೌಢಶಾಲೆಯ ಹನ್ನೆರಡು ಮಂದಿಯ ತಂಡಕ್ಕೆ ಇದನ್ನು ಕೊಳ್ಳುವುದು ಅಸಾಧ್ಯವಲ್ಲ. ಎಲ್ಲ ಮಕ್ಕಳಿಗೂ ಬೇಕೆಂದು ನಾನು ವಾದಿಸುವುದಿಲ್ಲ. ಚಿಕ್ಕ ಮಕ್ಕಳ ಬಾಯಲ್ಲಿ ಹಲ್ಲು ಬಿದ್ದು ಹುಟ್ಟುತ್ತಿರುವಾಗ ಇಂದು ಹೊಂದಿದ್ದು ಬರುವ ವರ್ಷಕ್ಕೆ ಹೊಂದದು. ತಂಡದಲ್ಲಿ ಆಡುವವರಿಗೆ, ಮೊದಲು ಉಬ್ಬುಹಲ್ಲಿನವರಿಗೆ, ಎಂದರೆ ಸಾಕು. ದುಡ್ಡೇ ಬೇಡದ ಕೆಲಸವೂ ಇದೆ. ಆಟಕ್ಕೆ ಮುಂಚೆ ಹತ್ತು ಹುಡುಗರು ಸಾಲಾಗಿ ನಿಂತು ಅಂಕಣದ ಕಲ್ಲು ಆಯಬಹುದು. ಸಂಜೆ ಎರಡು ಕೊಡ ನೀರು ಚಿಮುಕಿಸಬಹುದು. ಅಭ್ಯಾಸದ ದಿನಗಳಲ್ಲಿ ಖೋ-ಖೋ ಕಂಬದ ನೆತ್ತಿಗೆ ಗೋಣಿತಾಟು ಸುತ್ತಬಹುದು. ಶೇಂಗಾ ಮಂಡಿಗಳ, ಎಣ್ಣೆ ಗಿರಣಿಗಳ ಚಳ್ಳಕೆರೆಯಲ್ಲಿ ಗೋಣಿಚೀಲಕ್ಕೆ ಬರವೆಂದರೆ ಯಾರೂ ನಂಬರು.

ಹಿರಿಯರ ಇನ್ನೊಂದು ಮಾತು: ನಾವೆಲ್ಲ ಇದ್ಯಾವುದೂ ಇಲ್ಲದೆ ಆಡಿ ಬೆಳೆಯಲಿಲ್ಲವೆ? ಗಾಯವೇ ಗಂಡಸಿಗೆ ಭೂಷಣವಲ್ಲವೆ? ಈ ವಾದಕ್ಕೆ ನಮ್ಮ ಅನಿಲ್ ಕುಂಬ್ಳೆಯವರನ್ನು ಸಾಕ್ಷಿಗೆ ಕರೆಯುವವರೂ ಇದ್ದಾರೆ. 2002ರ ಮೇ ತಿಂಗಳಲ್ಲಿ ಆಂಟಿಗುವಾದ ಟೆಸ್ಟಿನಲ್ಲಿ ಮರ್ವಿನ್ ಡಿಲ್ಲನ್ ಎಸೆದ ಚೆಂಡು ಬಡಿದು ಅವರ ದವಡೆ ಮುರಿಯಿತು. ಅವರು ಮುಖಕ್ಕೆ ಪಟ್ಟಿ ಕಟ್ಟಿಸಿಕೊಂಡು ಮತ್ತೆ ಮೈದಾನಕ್ಕಿಳಿದು 14 ಓವರು ಬೌಲ್ ಮಾಡಿ ಬ್ರಯನ್ ಲಾರಾರ ವಿಕೆಟ್ ತೆಗೆದರು. ಅದನ್ನು ನೆನೆದರೆ ಕನ್ನಡಿಗನಾದ ಯಾರಿಗೂ ಮೈ ನವಿರೇಳುವುದು ಸಹಜ. ಆದರೆ ಕಥೆಯ ಉಳಿದರ್ಧವನ್ನು ನಾವು ಮಕ್ಕಳಿಗೆ ಹೇಳುವುದಿಲ್ಲ. ಅವರು ಆ ಪಟ್ಟಿಯಲ್ಲಿಯೇ ಸರಣಿ ಮುಗಿಸಲಿಲ್ಲ. ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹಿಂತಿರುಗಿದರು. ಅವರ ಹಿಂದೆ ವೈದ್ಯರಿದ್ದರು, ವಿಮಾನವಿತ್ತು. ತಳಕಿನ ಬಸ್‌ಸ್ಟ್ಯಾಂಡಿನಲ್ಲಿ ರಕ್ತದ ಕರವಸ್ತ್ರ ಕಚ್ಚಿಕೊಂಡು ನಿಂತ ಹುಡುಗನಿಗೆ ಏನಿದೆ? ವೀರನ ಧೈರ್ಯವನ್ನಷ್ಟೇ ಹೇಳಿ ಅವನಿಗೆ ಸಿಕ್ಕಿದ ಚಿಕಿತ್ಸೆಯನ್ನು ಮುಚ್ಚಿಡುವುದು ಮಕ್ಕಳಿಗೆ ಮಾಡುವ ಮೋಸ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರಗಳ ಬಂಡೆಗಳ ಮೇಲೆ ಅಶೋಕನು ತಂದೆತಾಯಿಗಳ ಮಾತು ಕೇಳಬೇಕೆಂದೂ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದೂ ಬರೆಯಿಸಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಆ ಮಾತು ನಮ್ಮ ಹಳ್ಳಿಯ ಶಾಲೆಗಳಲ್ಲಿ ಇನ್ನೂ ಅಳಿದಿಲ್ಲ. ಪಾಠದ ಮೇಷ್ಟ್ರ ಮಾತು ಮೀರುವ ಹುಡುಗರೂ ಆಟದ ಮೇಷ್ಟ್ರ ಮಾತು ಮೀರುವುದಿಲ್ಲ. ಅವರು ಹಾಕಿಕೋ ಎಂದರೆ ಹಾಕಿಕೊಳ್ಳುವರು. ಹಲ್ಲು ಬಿದ್ದರೆ ಎಸೆಯಬೇಡಿರೋ ಎಂದರೆ ಎಸೆಯರು. ಈ ಸಂಚಿಕೆಯನ್ನು ಓದುವ ನಮ್ಮ ಕಾಲೇಜಿನ ತರುಣ ತರುಣಿಯರಲ್ಲಿ ಹಲವರು ನಾಳೆ ಬಿ.ಎಡ್., ಬಿ.ಪಿ.ಎಡ್. ಮುಗಿಸಿ ಇದೇ ಹೋಬಳಿಗಳ ಶಾಲೆಗಳಿಗೆ ಹೋಗತಕ್ಕವರು. ಇಂದೇ ತಮ್ಮ ಬೀದಿಯ ತಮ್ಮ ತಂಗಿಯರ ಆಟಕ್ಕೆ ತೀರ್ಪು ಹೇಳುವವರೂ ಅವರೇ.

ಹೋಬಳಿ ಮಟ್ಟದ ಕ್ರೀಡಾಕೂಟಗಳಲ್ಲಿ ಒಂದು ಮೇಜು ಇರುತ್ತದೆ. ಅದರ ಮೇಲೆ ಹತ್ತಿ, ಟಿಂಚರು, ಉಳುಕಿಗೆ ಹೊಡೆಯುವ ಸ್ಪ್ರೇ, ಗ್ಲೂಕೋಸಿನ ಡಬ್ಬಿ. ಅವುಗಳ ಪಕ್ಕಕ್ಕೆ ಒಂದು ಚಿಕ್ಕ ಮುಚ್ಚಳದ ಡಬ್ಬಿ, ತಾಲ್ಲೂಕಿನ ದಂತವೈದ್ಯರ ದೂರವಾಣಿ ಸಂಖ್ಯೆ ಬರೆದ ಒಂದು ಚೀಟಿ, ತಂಪುಪೆಟ್ಟಿಗೆಯಿಲ್ಲದೆಯೂ ಕೆಡದೆ ಇರುವ ನಂದಿನಿ ಗುಡ್‌ಲೈಫ್ ಹಾಲಿನ ಒಂದು ಪೊಟ್ಟಣ, ಇಷ್ಟನ್ನು ಇಡುವುದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಕಾಗಿಲ್ಲ. ಸಂಜೆಯವರೆಗೆ ಯಾರ ಹಲ್ಲೂ ಬೀಳದಿದ್ದರೆ ಆ ಹಾಲಿನಲ್ಲಿ ತೀರ್ಪುಗಾರರಿಗೆ ಚಹಾ ಕಾಯಿಸಿ ಕೊಡಬಹುದು.